ಟರ್ಬೋ ಬಾಯಿಗೆ ಬಿದ್ದ ಅಕ್ಷತೆ

ಆ ಕಾರು ಚೆಂಬೂರಿನ ನನ್ನ ಗ್ಯಾರೇಜಿಗೆ ಬಂದ ದಿನ ಅದರ ಒಡತಿ ಕೆಳಗೆ ಇಳಿಯಲೇ ಇಲ್ಲ. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ಗಾಜು ಇಳಿಸಿ, "ಅಣ್ಣ, ಮತ್ತೆ ಸೋತೆ" ಎಂದಳು.

ಅವಳು ನನ್ನ ಹಳೆಯ ಧಣಿಗಳ ಮಗಳು. ಧಣಿಗಳದ್ದು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲು. ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದ ನಾನು ಮೊದಲು ಲೋಟ ತೊಳೆದದ್ದು ಅಲ್ಲಿಯೇ. ಹಗಲು ಹೋಟೆಲು, ಸಂಜೆಯಾದರೆ ವಡಾಲದ ಕನ್ನಡ ರಾತ್ರಿಶಾಲೆ. ಹತ್ತನೇ ಕ್ಲಾಸು ಪಾಸಾಗುವ ಹೊತ್ತಿಗೆ ನನಗೆ ದಪ್ಪ ಮೀಸೆ ಬಂದಿತ್ತು. ಸಾಮಾನು ತರುವ ಹೋಟೆಲಿನ ಟೆಂಪೋ ಕೆಟ್ಟಾಗಲೆಲ್ಲ ಅದರ ಅಡಿಯಲ್ಲಿ ಮಲಗುತ್ತಿದ್ದವನೂ ನಾನೇ. ಒಂದು ದಿನ ಧಣಿಗಳು, "ನೀನು ಕಿಚನಿಗಿಂತ ಜಾಸ್ತಿ ಗಾಡಿ ಅಡಿಯಲ್ಲೇ ಇರ್ತಿಯಲ್ಲ ಮಾರಾಯ, ಅಲ್ಲಿಗೇ ಹೋಗು" ಎಂದು ತಮ್ಮ ಪರಿಚಯದ ಒಂದು ಗ್ಯಾರೇಜಿಗೆ ಸೇರಿಸಿದರು. ಈಗ ನನ್ನದೇ ಗ್ಯಾರೇಜು ಇದೆ. ಆದರೂ ಧಣಿಗಳು ಎದುರಿಗೆ ಬಂದರೆ ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇದ್ದರೆ ಅದನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತೇನೆ. ಯಾಕೆ ಎಂದು ನನಗೂ ಗೊತ್ತಿಲ್ಲ.

ಮಗಳದ್ದು ಎರಡೇ ಸೀಟಿನ ವಿದೇಶಿ ಸ್ಪೋರ್ಟ್ಸ್ ಕಾರು, ಸೆಕೆಂಡ್ ಹ್ಯಾಂಡ್. ಊರ ಹೊರಗೆ, ವಿಮಾನ ಇಳಿಯುವುದು ನಿಂತುಹೋದ ಒಂದು ಹಳೆಯ ರನ್‌ವೇ ಇದೆ. ಅಲ್ಲಿ ಆಗಾಗ ಕಾರಿನ ಹುಚ್ಚಿನವರು ಸೇರಿ ಇಬ್ಬಿಬ್ಬರಾಗಿ ನೇರ ಓಟ ಓಡಿಸುತ್ತಾರೆ. ಇವಳಿಗೆ ಪ್ರತಿಸಲ ಎದುರಾಗುವುದು ಒಂದು ನೀಲಿ ಕಾರು. ಹೊರಡುವಾಗ ಇವಳೇ ಮುಂದೆ. ಗೇರು ಬದಲಿಸುವುದರಲ್ಲಿ ಇವಳ ಕೈಯನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಆದರೆ ರನ್‌ವೇಯ ಅರ್ಧ ದಾಟಿದ ಮೇಲೆ ಇವಳ ಇಂಜಿನಿಗೆ ಉಸಿರು ಸಾಲುವುದಿಲ್ಲ. ಆ ನೀಲಿ ಕಾರು ಪಕ್ಕದಲ್ಲಿ ಸುಮ್ಮನೆ ದಾಟಿ ಹೋಗುತ್ತದೆ.

"ಪಪ್ಪಾ ಹೇಳಿದ್ರು, ಇನ್ನು ಒಂದೇ ಓಟ" ಎಂದಳು. "ಸೋತ್ರೆ ಇಲ್ಲಾ ಇಂಜಿನ್ ಹಾಳಾದ್ರೆ, ಗಾಡಿ ಮಾರೋದು, ಸಾಂತಾಕ್ರೂಜಿನ ಡೀಲರ್‌ಗೆ. ಅವನು ಡೈಲಿ ಫೋನ್ ಮಾಡ್ತಾನೆ. ಮತ್ತೆ ನಾನು ಹೋಟೆಲಿನ ನಯೀ ಬ್ರಾಂಚ್‌ನಲ್ಲಿ ಕ್ಯಾಶ್ ನೋಡ್ತಾ ಗಲ್ಲೆ ಮೇಲೆ ಕೂತ್ಕೊಳ್ಳೋದು. ಫಿನಿಶ್."

"ಗಲ್ಲೆ ಮೇಲೆ ಕೂತ್ರೆ ಏನಾಯ್ತು ತಂಗಿ? ಫ್ಯಾನ್ ಇರ್ತದೆ."

"ಅಣ್ಣ, ಪ್ಲೀಸ್."

ಅವಳ ಕಣ್ಣು ನೋಡಿ ನಾನು ತಮಾಷೆ ನಿಲ್ಲಿಸಿದೆ. ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದೆ. ಒಳ್ಳೆಯ ಇಂಜಿನ್. ಎಲ್ಲಿಯೂ ಎಣ್ಣೆ ಜಿನುಗಿರಲಿಲ್ಲ, ಒಳಗೆ ಒಂದು ಅಪಸ್ವರವೂ ಇರಲಿಲ್ಲ. ಅದಕ್ಕೆ ಇದ್ದ ಕೊರತೆ ಗಾಳಿಯದ್ದು ಮಾತ್ರ. ಇಂಥ ಇಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳಬೇಕು, ಯಾರೂ ಒಳಗೆ ಊದಿ ಕೊಡುವುದಿಲ್ಲ. "ಟರ್ಬೋ ಹಾಕುವ" ಎಂದು ನನ್ನ ಬಾಯಿಂದ ಬಂತು. ಅವಳು ಅಂದು ಮೊದಲ ಸಲ ಕಾರಿನಿಂದ ಇಳಿದಳು.

ಆ ಮಾತು ಮಾರನೆಯ ದಿನವೇ ಧಣಿಗಳ ಕಿವಿಗೆ ಹೋಯಿತು. ನನ್ನನ್ನು ಹೋಟೆಲಿಗೆ ಕರೆಸಿದರು. ಗಲ್ಲೆಯ ಹಿಂದೆ ಕೂತು, ಗಿರಾಕಿಗೆ ಚಿಲ್ಲರೆ ಕೊಡುತ್ತಲೇ ಕೇಳಿದರು.

"ಎಂತದು ಅದು, ಟರ್ಬೋ? ಕಿಚನ್ ಭಾಷೆಯಲ್ಲಿ ಹೇಳು."

"ಧಣಿ, ನಮ್ಮ ಒಲೆಯ ಹೊಗೆ ಚಿಮಣಿಯಲ್ಲಿ ಸುಮ್ಮನೆ ಹೊರಗೆ ಹೋಗ್ತದಲ್ಲ? ಆ ಹೊಗೆ ಹೋಗುವ ದಾರಿಯಲ್ಲಿ ಒಂದು ಫ್ಯಾನ್ ಇಡುದು. ಹೊಗೆಯ ರಭಸಕ್ಕೆ ಅದು ತಿರುಗ್ತದೆ. ಆ ಫ್ಯಾನಿನ ಸರಳಿನ ಆಚೆ ತುದಿಯಲ್ಲಿ ಇನ್ನೊಂದು ಫ್ಯಾನ್. ಅದು ಹೊರಗಿನ ಗಾಳಿಯನ್ನು ಒಲೆಗೆ ಊದ್ತದೆ."

"ಅಂದ್ರೆ ಬಿಟ್ಟಿ ಗಾಳಿ."

"ಗಾಳಿ ಬಿಟ್ಟಿ. ಆದ್ರೆ ಒಲೆ ಜೋರಾಗ್ತದೆ. ಅದಕ್ಕೆ ಸರಿಯಾಗಿ ಪೆಟ್ರೋಲು ಕೊಡ್ಬೇಕು, ಹದ ನೋಡ್ಬೇಕು. ಹದ ತಪ್ಪಿದ್ರೆ ಪಾತ್ರೆಯೇ ತೂತು."

"ಪಾತ್ರೆ ತೂತಾದ್ರೆ ಬೇರೆ ಪಾತ್ರೆ ಉಂಟಾ?"

"ಇಲ್ಲ ಧಣಿ. ಆ ಇಂಜಿನ್ ಇಲ್ಲಿ ಸಿಕ್ಕುದಿಲ್ಲ."

ಧಣಿಗಳು ಚಿಲ್ಲರೆ ಕೊಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ನೀನು ಹಾಲು ಉಕ್ಕಿಸ್ತಿದ್ದೆ ನೆನಪುಂಟಾ? ದಿನಾ ಉಕ್ಕಿಸ್ತಿದ್ದೆ."

"ಈಗ ಉಕ್ಕಿಸುದಿಲ್ಲ."

"ನೋಡುವ" ಎಂದರು. ನನಗೆ ಅದೇ ಒಪ್ಪಿಗೆ.

ಮಳೆಗಾಲದಲ್ಲಿ ರನ್‌ವೇಯ ಓಟಗಳು ನಿಲ್ಲುತ್ತವೆ. ಕೆಲಸಕ್ಕೆ ಸಿಕ್ಕಿದ್ದು ಆ ಮಳೆಗಾಲ. ಸೈಲೆನ್ಸರಿಗೆ ಹೋಗುವ ನಾಲ್ಕು ಕೊಳವೆಗಳನ್ನು ಬಿಚ್ಚಿ, ಟರ್ಬೋ ಕೂರುವ ಹಾಗೆ ಸ್ಟೀಲ್ ಪೈಪುಗಳನ್ನು ಕತ್ತರಿಸಿ ಹೊಸದಾಗಿ ಬೆಸೆದೆ. ಮೊದಲ ಸಲ ಬೆಸೆದದ್ದು ಬಿಸಿಗೆ ಬಾಗಿತು. ಅದನ್ನು ಮೂಲೆಗೆ ಎಸೆದು ಇನ್ನೊಂದು ಮಾಡಿದೆ. ಟರ್ಬೋದ ಬೇರಿಂಗಿಗೆ ಇಂಜಿನಿನಿಂದ ಎಣ್ಣೆ ಬರಲು ಒಂದು ತೆಳು ಕೊಳವೆ, ಆ ಎಣ್ಣೆ ವಾಪಸು ಇಳಿಯಲು ಒಂದು ದಪ್ಪ ಕೊಳವೆ. ಇಳಿಯುವ ಕೊಳವೆ ಎಲ್ಲಿಯೂ ಮೇಲೆ ಹತ್ತಬಾರದು, ನಡುವೆ ಜೋತು ಹೊಟ್ಟೆ ಬಿಡಬಾರದು. ಊದಿದ ಗಾಳಿ ಬಿಸಿಯಾಗಿರುತ್ತದೆ, ಅದನ್ನು ತಣ್ಣಗೆ ಮಾಡಲು ಬಂಪರಿನ ಹಿಂದೆ ಒಂದು ಜಾಲರಿ, ಅಂದರೆ ಇಂಟರ್‌ಕೂಲರ್. ಹೋಟೆಲಿನಲ್ಲಿ ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಎತ್ತಿ ಹೊಯ್ಯುತ್ತಿದ್ದೆವು. ಅದರ ಕೆಲಸವೂ ಅಷ್ಟೇ.

ಪೆಟ್ರೋಲಿನ ಹದ ನನ್ನ ಕೆಲಸವಲ್ಲ. ಅದಕ್ಕೆ ವಾಶಿಯಿಂದ ಒಬ್ಬ ಮರಾಠಿ ಹುಡುಗ ಲ್ಯಾಪ್‌ಟಾಪ್ ಹಿಡಿದು ಬರುತ್ತಿದ್ದ. ಹುಡುಗ ಎಂದರೆ ಎಂಜಿನಿಯರಿಂಗ್ ಮುಗಿಸಿ ಮದುವೆಯಾದವನು, ನನಗೆ ಮಾತ್ರ ಹುಡುಗ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಯಾವಾಗ ಕಿಡಿ, ಎಲ್ಲವನ್ನೂ ಅವನು ಪರದೆಯ ಮೇಲೆ ತುಂಬಿದ. ಅವನು ಹೇಳಿದ್ದರಲ್ಲಿ ನನಗೆ ಅರ್ಧ ತಿಳಿಯುತ್ತಿತ್ತು. ನಾನು ಮಾಡಿದ್ದನ್ನು ಅವನು ಬಗ್ಗಿ ನೋಡಿ ಫೋಟೋ ತೆಗೆದುಕೊಳ್ಳುತ್ತಿದ್ದ. ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. "ಕಾಕಾ, ಪ್ರೆಷರ್ ಕಮ್ ರಖೇಂಗೇ" ಎಂದ. ಜಾಸ್ತಿ ಊದುವ ಆಸೆ ಬೇಡ, ಈ ಇಂಜಿನ್ ಹುಟ್ಟಿದ್ದು ಅದಕ್ಕಲ್ಲ, ಸ್ವಲ್ಪವೇ ಊದೋಣ, ನೀಲಿ ಕಾರಿಗೆ ಅಷ್ಟು ಸಾಕು ಎಂದು ಇಬ್ಬರೂ ಒಪ್ಪಿದೆವು.

ದಸರಾ ಹತ್ತಿರ ಬಂತು. ಒಂದು ಶುಕ್ರವಾರ ಮೊದಲ ಸಲ ಸ್ಟಾರ್ಟ್ ಮಾಡುವುದು ಎಂದು ನಿಶ್ಚಯವಾಯಿತು. ಪೂಜೆ ಇಲ್ಲದೆ ಆಗುವುದಿಲ್ಲ ಎಂದು ಧಣಿಗಳು ಹೇಳಿ ಕಳಿಸಿದರು. ಅವರು ಹೊಸ ಗ್ರೈಂಡರ್ ತಂದರೂ ಮೊದಲು ಪೂಜೆ. ರಾಹುಕಾಲದಲ್ಲಿ ತುಪ್ಪದ ಡಬ್ಬಿಯ ಮುಚ್ಚಳ ಕೂಡ ತೆಗೆಸುವುದಿಲ್ಲ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಬೆಳಗಿನ ತಿಂಡಿಯ ರಶ್ ಮುಗಿಸಿ ಹತ್ತು ಗಂಟೆಗೆ ಬಂದರೆ ಸರಿಹೋಗುತ್ತದೆ ಎಂದು ಅವರ ಲೆಕ್ಕ.

ಹಾಗೆಯೇ ಬಂದರು. ಜೊತೆಗೆ ಮಗಳು, ಮತ್ತು ಹೋಟೆಲಿನ ಹಿರಿಯ ಅಡುಗೆ ಭಟ್ಟರು. ಹೋಟೆಲಿನ ಪೂಜೆಗಳನ್ನೂ ಅವರೇ ಮಾಡುವುದು. ವಾಶಿಯ ಹುಡುಗ ಆಗಲೇ ಲ್ಯಾಪ್‌ಟಾಪ್ ಜೋಡಿಸಿ ಕೂತಿದ್ದ. ಭಟ್ಟರು ಬಾನೆಟ್ ಒಳಗೆ ಬಗ್ಗಿ, "ಹೊಸದು ಎಲ್ಲುಂಟು? ಹೊಸದಕ್ಕಲ್ವಾ ಪೂಜೆ?" ಎಂದರು.

ಟರ್ಬೋ ಕೆಳಗಿನ ಮೂಲೆಯಲ್ಲಿತ್ತು. ಗಾಳಿ ಹೋಗುವ ಪೈಪು ಅದರ ಮುಖ ಮುಚ್ಚಿತ್ತು. ಆ ಪೈಪನ್ನೂ ಫಿಲ್ಟರನ್ನೂ ಬಿಚ್ಚಿ ತೋರಿಸಿದೆ. ಒಳಗೆ ಬೆಳ್ಳಿಯ ಹೂವಿನ ಹಾಗೆ ಹೊಳೆಯುವ ರೆಕ್ಕೆಗಳು. ಗ್ಯಾರೇಜಿನ ನಿಯಮದಂತೆ, ತೆರೆದ ಬಾಯಿಗೆ ಕೂಡಲೇ ಒಂದು ಬಟ್ಟೆ ತುರುಕಿದೆ.

ಭಟ್ಟರು ಆ ಬಟ್ಟೆಯನ್ನು ಎರಡೇ ಬೆರಳಿನಲ್ಲಿ ಎಳೆದು ಹೊರಗೆ ಹಾಕಿದರು. "ದೇವರ ಎದುರು ಎಣ್ಣೆ ಮಸಿ ಬಟ್ಟೆಯಾ? ನಿನಗೆ ಹೋಟೆಲಿನಲ್ಲಿ ಇಷ್ಟು ವರ್ಷ ಎಂತ ಕಲಿಸಿದ್ದು?"

ಅವರು ಹಾಗೆ ಕೇಳಿದರೆ ನಾನು ಮತ್ತೆ ಲೋಟ ತೊಳೆಯುವವನೇ. ಬಟ್ಟೆಯನ್ನು ನೆಲದಲ್ಲೇ ಬಿಟ್ಟೆ. ಗಂಧ, ಕುಂಕುಮ, ಸೇವಂತಿಗೆ, ಊದುಬತ್ತಿ ಆಯಿತು. ತೆಂಗಿನಕಾಯಿ ಒಡೆದರು. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಡಿಕ್ಕಿಯಲ್ಲಿದ್ದ ಬ್ಯಾಟರಿ ನೋಡಲು ಹಿಂದಕ್ಕೆ ಹೋಗಿದ್ದೆ. ತಿರುಗುವಾಗ ಭಟ್ಟರ ಮಂತ್ರ ಮುಗಿಯುತ್ತಿತ್ತು, ಎಲ್ಲರ ಮುಷ್ಟಿಯಲ್ಲೂ ಅಕ್ಷತೆ ಇತ್ತು. ಅರಿಶಿನ ಹಚ್ಚಿದ ಅಕ್ಕಿ. ನಾನು ಬಾಯಿ ತೆರೆಯುವ ಮೊದಲೇ ಎಲ್ಲರೂ ಇಂಜಿನ್ ಮೇಲೆ ಎರಚಿದರು. ವಾಶಿಯ ಹುಡುಗನೂ ಭಕ್ತಿಯಿಂದ ಎರಚಿದ.

"ಹ್ಞಾಂ, ಪೈಪು ಹಾಕು, ಸ್ಟಾರ್ಟ್ ಮಾಡು" ಎಂದರು ಧಣಿಗಳು. "ಇನ್ನು ಹತ್ತು ನಿಮಿಷ ಉಂಟು."

ನಾನು ಪೈಪು ಹಿಡಿದು ಬಗ್ಗಿದೆ. ಟರ್ಬೋದ ತುಟಿಯ ಮೇಲೆ ಒಂದು ಹಳದಿ ಕಾಳು ಕೂತಿತ್ತು. ಒಂದು ಹೊರಗೆ ಇದ್ದರೆ ಒಳಗೆ ಎಷ್ಟಿರಬಹುದು?

ಆ ರೆಕ್ಕೆಗಳು ನಿಮಿಷಕ್ಕೆ ಲಕ್ಷ ಸುತ್ತು ತಿರುಗುವಂಥವು. ಆ ವೇಗದಲ್ಲಿ ಅಕ್ಕಿಕಾಳು ಕಲ್ಲಿಗೆ ಸಮ. ರೆಕ್ಕೆಯ ಅಂಚು ಸ್ವಲ್ಪ ಮುಕ್ಕಾದರೂ ತೂಕ ತಪ್ಪುತ್ತದೆ, ಬೇರಿಂಗ್ ಹೋಗುತ್ತದೆ. ಮುರಿದ ಚೂರು ಗಾಳಿಯ ಜೊತೆ ಇಂಜಿನಿಗೆ ಹೋದರೆ ಮುಗಿಯಿತು. ಆಮೇಲೆ ಸಾಂತಾಕ್ರೂಜಿನವನೂ ಆ ಗಾಡಿಯನ್ನು ಮುಟ್ಟುವುದಿಲ್ಲ.

ನಾನು ಪೈಪನ್ನು ಕೆಳಗೆ ಇಟ್ಟೆ.

"ಧಣಿ, ಈಗ ಸ್ಟಾರ್ಟ್ ಮಾಡುದಿಲ್ಲ."

"ಎಂತಕ್ಕೆ?"

"ಅಕ್ಷತೆ ಒಳಗೆ ಬಿದ್ದಿದೆ. ಎಲ್ಲ ಬಿಚ್ಚಿ ನೋಡ್ಬೇಕು."

ಭಟ್ಟರು ಮುಖ ಗಂಟಿಕ್ಕಿದರು. "ಅಕ್ಷತೆ ಬಿದ್ದದ್ದು ಒಳ್ಳೇದೇ ಅಲ್ವಾ? ಮುಹೂರ್ತ ಹೋಗ್ತದೆ. ಒಮ್ಮೆ ಸ್ಟಾರ್ಟ್ ಮಾಡಿ ಬಂದ್ ಮಾಡು, ಶಾಸ್ತ್ರಕ್ಕೆ. ಆಮೇಲೆ ಬೇಕಾದ್ರೆ ಬಿಚ್ಚು."

"ಒಮ್ಮೆ ಮಾಡಿದ್ರೂ ಎಳೀತದೆ ಭಟ್ರೇ."

"ನಾನು ಹೇಳ್ತಾ ಇದ್ದೇನಲ್ಲ" ಎಂದರು ಧಣಿಗಳು. ಹೋಟೆಲಿನಲ್ಲಿ ಆ ದನಿ ಕೇಳಿದರೆ ಇಡೀ ಕಿಚನ್ ನಿಲ್ಲುತ್ತಿತ್ತು. ಆ ದನಿಗೆ ನಾನು ಅಲ್ಲಿಯವರೆಗೆ ಒಮ್ಮೆಯೂ ಇಲ್ಲ ಎಂದವನಲ್ಲ. ಮಗಳ ಕಡೆ ನೋಡಿದೆ. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಕೀ ಅವಳ ಕೈಯಲ್ಲಿತ್ತು.

"ಧಣಿ, ಅನ್ನದಲ್ಲಿ ಒಂದು ಕಲ್ಲು ಸಿಕ್ಕಿದ್ರೆ ನೀವು ಇಡೀ ಪಾತ್ರೆ ವಾಪಸ್ ತರಿಸ್ತಿದ್ರಿ. ಗಿರಾಕಿ ಕಾದ್ರೂ ಅಡ್ಡಿಯಿಲ್ಲ ಅಂತಿದ್ರಿ. ಇದು ನನ್ನ ಕಿಚನ್. ನಾನು ಸ್ಟಾರ್ಟ್ ಮಾಡುದಿಲ್ಲ."

ಹೇಳಿದ ಮೇಲೆ ನೋಡಿದರೆ ಕೈಯಲ್ಲಿದ್ದ ಪಾನಾ ನನ್ನ ಎದುರಿನಲ್ಲೇ ಇತ್ತು, ಬೆನ್ನ ಹಿಂದೆ ಇರಲಿಲ್ಲ.

ಧಣಿಗಳು ಬಾಗಿಲ ಕಡೆ ನಡೆದರು. ಹೊರಟೇಹೋದರು ಎಂದುಕೊಂಡೆ. ಅವರು ಅಲ್ಲಿದ್ದ ಸ್ಟೂಲನ್ನು ಎತ್ತಿ ತಂದು ಕಾರಿನ ಪಕ್ಕ ಹಾಕಿ ಕೂತರು. ಕುಂಕುಮದ ಸ್ಟೀಲ್ ತಟ್ಟೆಯನ್ನು ಪಂಚೆಯ ತುದಿಯಲ್ಲಿ ಒರೆಸಿ, ಮುಂದೆ ಹಿಡಿದರು. "ಬಿಚ್ಚು. ಸಿಕ್ಕಿದ್ದು ಇದಕ್ಕೆ ಹಾಕು. ಅಕ್ಕಿಯಲ್ಲಿ ಕಲ್ಲು ಹೆಕ್ಕುದು ನಾನೇ ಕಲಿಸಿದ್ದೆ. ಇನ್ನು ಕಬ್ಬಿಣದಲ್ಲಿ ಅಕ್ಕಿ ಹೆಕ್ಕುದು ನೀನು ಕಲಿಸು."

ಟರ್ಬೋದ ಮುಂದಿನ ಚಿಪ್ಪು ಬಿಚ್ಚಿದೆ. ರೆಕ್ಕೆಗಳ ಸಂದಿಯಲ್ಲಿಯೇ ಕಾಳುಗಳಿದ್ದವು. ಅರಿಶಿನಕ್ಕೆ ತುಪ್ಪ ಕಲಸಿದ್ದರಿಂದ ಅಂಟಿಕೊಂಡಿದ್ದವು. ಅದೇ ನಮ್ಮ ಪುಣ್ಯ, ಇಲ್ಲದಿದ್ದರೆ ಇನ್ನೂ ಆಳಕ್ಕೆ ಉರುಳುತ್ತಿದ್ದವು. ಮಗಳು ಟಾರ್ಚ್ ಹಿಡಿದಳು. ನಾನು ಒಂದೊಂದನ್ನೇ ತೆಗೆದು ತಟ್ಟೆಗೆ ಹಾಕಿದೆ. ತಟ್ಟೆಗೆ ಬಿದ್ದಾಗಲೆಲ್ಲ ಟಿಣ್ ಎಂದು ಸದ್ದು. ಪ್ರತಿ ಸದ್ದಿಗೂ ಭಟ್ಟರ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಅವರೂ ಕನ್ನಡಕ ಏರಿಸಿ ಬಗ್ಗಿದರು. "ಅಲ್ಲಿ, ಆ ಎಡಗಡೆಯ ರೆಕ್ಕೆಯ ಬುಡದಲ್ಲಿ ಇನ್ನೊಂದುಂಟು ನೋಡು" ಎಂದರು. ನಿಜವಾಗಿಯೂ ಇತ್ತು. ನನಗೆ ಕಂಡಿರಲಿಲ್ಲ.

"ಎರಚಿದ್ದು ನೀವೇ, ಹೆಕ್ಕುದೂ ನೀವೇ" ಎಂದರು ಧಣಿಗಳು.

"ನೀವು ಎರಚಿದ್ದು ಕಮ್ಮಿಯಾ? ಬಾಳೆಲೆಗೆ ಅನ್ನ ಬಡಿಸಿದ ಹಾಗೆ ಎರಚಿದ್ರಿ" ಎಂದರು ಭಟ್ಟರು.

ಇಂಟರ್‌ಕೂಲರಿನ ಪೈಪುಗಳನ್ನೂ ಬಿಚ್ಚಿ ಬಗ್ಗಿಸಿ ಕೊಡವಿದೆ. ಅಲ್ಲಿ ಏನೂ ಇರಲಿಲ್ಲ. ಆದರೂ ಇನ್ನೊಮ್ಮೆ ಕೊಡವಿದೆ. ರೆಕ್ಕೆಗಳನ್ನು ಒರೆಸಿ, ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿದೆ. ಎಲ್ಲಿಯೂ ತಡೆ ಇಲ್ಲದೆ ತಿರುಗಿತು. ಎಲ್ಲ ಮತ್ತೆ ಜೋಡಿಸಿ, ಫಿಲ್ಟರ್ ಹಾಕಿ, ಕ್ಲಿಪ್ಪು ಬಿಗಿ ಮಾಡುವಾಗ ಗಂಟೆ ಹನ್ನೊಂದೂವರೆ ದಾಟಿತ್ತು. ರಾಹುಕಾಲ ಇನ್ನೂ ಮುಗಿದಿರಲಿಲ್ಲ.

"ಹನ್ನೆರಡರವರೆಗೆ ಕಾಯುವ" ಎಂದರು ಭಟ್ಟರು.

ವಾಶಿಯ ಹುಡುಗ ಗಡಿಯಾರ ನೋಡಿದ. ಅವನಿಗೆ ಬೇರೆ ಕಡೆ ಕೆಲಸವಿತ್ತು. ಧಣಿಗಳಿಗೆ ಹನ್ನೆರಡಕ್ಕೆ ಊಟದ ಗಿರಾಕಿಗಳು. ಎಲ್ಲರೂ ಧಣಿಗಳ ಮುಖ ನೋಡಿದೆವು. ಅವರು ತಟ್ಟೆಯಲ್ಲಿದ್ದ ಹಳದಿ ಕಾಳುಗಳನ್ನು ಸ್ವಲ್ಪ ಹೊತ್ತು ನೋಡಿದರು.

"ಒಳ್ಳೇ ಮುಹೂರ್ತದಲ್ಲಿ ಮಾಡಿದ್ರೆ ಹಾಳಾಗ್ತಿತ್ತು ಅಲ್ವಾ?" ಎಂದು ನನ್ನನ್ನು ಕೇಳಿದರು.

"ಆಗ್ತಿತ್ತು ಧಣಿ."

"ಹಾಗಾದ್ರೆ ಕೆಟ್ಟದ್ರಲ್ಲಿ ಮಾಡಿ ನೋಡುವ. ಮಗಾ, ಕೀ ಕೊಡು ಇಲ್ಲಿ."

ರಾಹುಕಾಲದಲ್ಲಿ ತುಪ್ಪದ ಡಬ್ಬಿ ತೆಗೆಯದ ಮನುಷ್ಯ ಆ ತಗ್ಗಿನ ಕಾರಿನೊಳಗೆ ಪಂಚೆ ಎತ್ತಿಕೊಂಡು, ಮೊಣಕಾಲು ಹಿಡಿದುಕೊಂಡು ಇಳಿದು ಕೂತರು. ಮೊದಲು ಕಿಡಿ ಮತ್ತು ಪೆಟ್ರೋಲು ಬಂದ್ ಮಾಡಿ ಇಂಜಿನನ್ನು ಬರೀ ತಿರುಗಿಸಲು ಹೇಳಿದೆ. ಟರ್ಬೋದ ಬೇರಿಂಗಿಗೆ ಎಣ್ಣೆ ತಲುಪಬೇಕು, ಒಣಗಿದ್ದು ತಿರುಗಬಾರದು. ಎಣ್ಣೆಯ ಮೀಟರಿನ ಮುಳ್ಳು ಮೇಲೆ ಬಂತು. ಹುಡುಗ ತಲೆಯಾಡಿಸಿದ. "ಈಗ ಧಣಿ" ಎಂದೆ.

ಇಂಜಿನ್ ಒಂದೇ ಸಲಕ್ಕೆ ಹತ್ತಿತು. ಹೊಸ ಪೈಪಿನ ಮೇಲಿನ ಎಣ್ಣೆ ಸುಟ್ಟು ಸ್ವಲ್ಪ ಹೊಗೆ ಎದ್ದು ನಿಂತಿತು. ಆಮೇಲೆ ಆ ಹಳೆಯ ಪರಿಚಿತ ಸದ್ದಿನ ಒಳಗಿನಿಂದ ಒಂದು ಹೊಸ ಸದ್ದು, ದೂರದಲ್ಲಿ ಯಾರೋ ಶಿಳ್ಳೆ ಹಾಕುವ ಹಾಗೆ, ಬಹಳ ತೆಳ್ಳಗೆ. ಹುಡುಗ ಪರದೆಯಿಂದ ಕಣ್ಣು ತೆಗೆಯದೆ ಹೆಬ್ಬೆರಳು ಎತ್ತಿದ. ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಭಟ್ಟರು ಇಂಜಿನಿಗೆ ಕೈ ಮುಗಿದು, ಆಮೇಲೆ ಏನೋ ನೆನಪಾದವರಂತೆ ನನ್ನ ಎಣ್ಣೆ ಬಟ್ಟೆಯನ್ನು ನೆಲದಿಂದ ಎತ್ತಿ ಮಡಚಿ ಬೆಂಚಿನ ಮೇಲೆ ಇಟ್ಟರು.

ಮುಂದಿನ ವಾರಗಳಲ್ಲಿ ಹದ ಮಾಡಿದೆವು. ರೋಲರ್ ಮೇಲೆ ಕಾರು ಕಟ್ಟಿ ಓಡಿಸುವ ಜಾಗಕ್ಕೆ ಕೊಂಡುಹೋಗಿ, ಹುಡುಗ ಸ್ವಲ್ಪ ಸ್ವಲ್ಪವೇ ಗಾಳಿ ಏರಿಸುತ್ತ ಹೋದ. ನಾನು ಇಂಜಿನಿನ ಹತ್ತಿರ, ಅದಕ್ಕೆ ಜೋಡಿಸಿದ ಹೆಡ್‌ಫೋನ್ ಕಿವಿಗೆ ಹಾಕಿ ನಿಂತು, ಒಳಗೆ ಹದ ತಪ್ಪಿದ ಬಡಿತದ ಸದ್ದು ಬರುತ್ತದೆಯೋ ಎಂದು ಕೇಳುತ್ತಿದ್ದೆ. ಬರಲಿಲ್ಲ. ಇಂಥ ಬದಲಾವಣೆ ಮಾಡಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ಟೋ ಲಾರಿಯ ಮೇಲೆ. ರನ್‌ವೇಗೂ ಹಾಗೆಯೇ ಹೊರಟೆವು. ಧಣಿಗಳು ಲಾರಿಯ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು. ಭಾನುವಾರ ಹೋಟೆಲು ಬಿಟ್ಟು ಬಂದಿದ್ದರು. ಮಗಳೂ ವಾಶಿಯ ಹುಡುಗನೂ ಹಿಂದಿನಿಂದ ಟ್ಯಾಕ್ಸಿಯಲ್ಲಿ. ದಾರಿಯಲ್ಲಿ ಸಾಂತಾಕ್ರೂಜಿನವನ ಫೋನು ಬಂತು. "ಸಂಜೆ ಹೇಳ್ತೇನೆ" ಎಂದು ಇಟ್ಟರು.

ನೀಲಿ ಕಾರು ಬಂದಿತ್ತು. ಅದರ ಯಜಮಾನ ಮತ್ತೊಮ್ಮೆಯಾ ಎನ್ನುವಂತೆ ನಮ್ಮ ಹುಡುಗಿಗೆ ಕೈ ಬೀಸಿ, "ಫಿರ್ ಸೇ?" ಎಂದ. ಅವಳು ನಕ್ಕಳು. ಹೆಲ್ಮೆಟ್ ಹಾಕಿಕೊಂಡಳು.

"ಮೊದಲಿನ ಹಾಗೆಯೇ ಓಡಿಸು ತಂಗಿ" ಎಂದೆ. "ಹೊಸದು ಎಂತ ಮಾಡ್ಬೇಡ. ಅರ್ಧ ದಾಟಿದ ಮೇಲೆ ಕಾಲು ತೆಗೀಬೇಡ, ಅಷ್ಟೇ."

ಬಾವುಟ ಬಿತ್ತು. ಯಾವಾಗಿನಂತೆ ಅವಳೇ ಮೊದಲು ಹೊರಟಳು. ಯಾವಾಗಿನಂತೆ ನೀಲಿ ಕಾರು ಹಿಂದಿನಿಂದ ಹತ್ತಿರ ಬರತೊಡಗಿತು. ಅರ್ಧ ರನ್‌ವೇ ಬಂತು. ಧಣಿಗಳು ನನ್ನ ತೋಳು ಹಿಡಿದಿದ್ದರು. ಇಲ್ಲಿಯೇ ಅವಳ ಇಂಜಿನಿನ ಸದ್ದು ಯಾವಾಗಲೂ ಸೋತವರ ಹಾಗೆ ಚಪ್ಪಟೆಯಾಗುತ್ತಿದ್ದದ್ದು. ಆಗಲಿಲ್ಲ. ಆ ತೆಳ್ಳನೆಯ ಶಿಳ್ಳೆ ಏರಿತು, ಅದರ ಹಿಂದೆ ಇಡೀ ಸದ್ದು ಏರಿತು. ಎರಡೂ ಕಾರು ಸ್ವಲ್ಪ ಹೊತ್ತು ಒಂದೇ ಕಾರಿನ ಹಾಗೆ ಕಂಡವು. ಆಮೇಲೆ ನಡುವೆ ಬೆಳಕು ಕಂಡಿತು. ಮುಂದೆ ಇದ್ದದ್ದು ನಮ್ಮದು. ಬೆಳಕು ಅಗಲವಾಗುತ್ತಲೇ ಹೋಯಿತು.

ಧಣಿಗಳು ತೋಳು ಬಿಡಲಿಲ್ಲ. "ಯಾರು ಮುಂದೆ? ನನಗೆ ದೂರದ್ದು ಕಾಣುದಿಲ್ಲ ಮಾರಾಯ" ಎಂದರು.

"ನಿಮ್ಮ ಮಗಳು, ಧಣಿ."

ಅವಳು ವಾಪಸು ಬಂದು ನಿಲ್ಲಿಸಿದಳು. ಕೀಗೆ ಕೈ ಹಾಕುತ್ತಿದ್ದಂತೆ ನಾನು ಕೈ ಅಡ್ಡ ಹಿಡಿದೆ. ಅಷ್ಟು ಓಡಿದ ಟರ್ಬೋ ಕಾದು ಕೆಂಪಾಗಿರುತ್ತದೆ, ಕೂಡಲೇ ಬಂದ್ ಮಾಡಿದರೆ ಬೇರಿಂಗಿನಲ್ಲಿ ಎಣ್ಣೆ ಕರಟುತ್ತದೆ. ಸ್ವಲ್ಪ ಹೊತ್ತು ಇಂಜಿನ್ ಸುಮ್ಮನೆ ಓಡುತ್ತಿರಬೇಕು. ಹಾಗಾಗಿ ಗೆದ್ದವಳು ಒಳಗೆ, ನಾವು ಹೊರಗೆ, ಇಂಜಿನ್ ಮಾತ್ರ ಗುನುಗುತ್ತಿತ್ತು. ವಾಶಿಯ ಹುಡುಗ ಅವಳ ಹೆಲ್ಮೆಟ್ಟಿನ ಮೇಲೆ ಮೆಲ್ಲಗೆ ತಟ್ಟಿದ. ಅವಳು ಅಳುತ್ತ ನಗುತ್ತಿದ್ದಳು.

ಆ ಹೊತ್ತಿನಲ್ಲೇ ಧಣಿಗಳು ಫೋನು ತೆಗೆದರು. ಸಾಂತಾಕ್ರೂಜಿನವನಿಗೆ. ಇಂಜಿನಿನ ಪಕ್ಕದಲ್ಲೇ ನಿಂತು, ಅದು ಕೇಳಲಿ ಎನ್ನುವಂತೆ ಜೋರಾಗಿ ಮಾತಾಡಿದರು. "ನಹೀ ಬೇಚೇಗಾ. ಹಾಂ, ಕಭೀ ನಹೀ. ಲಡ್ಕೀ ಚಲಾತೀ ಹೈ." ಗಾಡಿ ಮಾರುವುದಿಲ್ಲ, ಮಗಳು ಓಡಿಸುತ್ತಾಳೆ ಎಂದು ಖಡಾಖಂಡಿತ ಹೇಳಿ ಫೋನು ಇಟ್ಟು ಮಗಳ ಕಿಟಕಿಗೆ ಬಗ್ಗಿದರು. "ಬ್ರಾಂಚಿನ ಗಲ್ಲೆಗೆ ಬೇರೆ ಜನ ನೋಡ್ತೇನೆ. ಆಯ್ತಾ?"

"ಆಯ್ತು ಪಪ್ಪಾ."

ಇಂಜಿನ್ ತಣಿದ ಮೇಲೆ ಕಿಡಿ ಹಾರಿಸುವ ಒಂದು ಪ್ಲಗ್ ಬಿಚ್ಚಿ ನೋಡಿದೆ. ಒಳಗಿನ ಬೆಂಕಿ ಹೇಗೆ ಉರಿದಿದೆ ಎಂದು ಅದರ ತುದಿಯ ಬಣ್ಣ ಹೇಳುತ್ತದೆ. ಬಿಳಿಯಾಗಿದ್ದರೆ ಹೆಚ್ಚು ಕಾದಿದೆ, ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಧಣಿಗಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಸರಿಮಾಡಿ, ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಎಲ್ಲ ಕಡೆ ಒಂದೇ ತಿಳಿ ಕಂದು.

"ಇದು ಸರಿಯಾಗಿ ಬೆಂದ ದೋಸೆಯ ಬಣ್ಣ ಅಲ್ವಾ?" ಎಂದರು.

"ಹೌದು ಧಣಿ."

ಪ್ಲಗ್ಗನ್ನು ನನ್ನ ಅಂಗೈಯಲ್ಲಿ ಇಟ್ಟರು. "ಹಾಲು ಉಕ್ಕಿಸ್ಲಿಲ್ಲ ನೀನು" ಎಂದರು. ಎಣ್ಣೆಯಾದ ಆ ಬೆರಳುಗಳನ್ನು ತಮ್ಮ ಬಿಳಿ ಪಂಚೆಗೆ ಒರೆಸಿಕೊಂಡು, ಲಾರಿಯವನಿಗೆ ಚಹಾ ಹೇಳಲು ಹೋದರು.